ನಾನೇ ಕೆಡಿಸಿ ನಾನೇ ಓಡಿಸಿದ ಜೀಪು

ಆ ಜೀಪನ್ನು ಕೆಡಿಸಿದವಳು ನಾನೇ. ರಿಪೇರಿ ಮಾಡಿದವಳು ನಾನು ಎಂಬುದು ನಮ್ಮ ನೆಂಟರಿಗೆಲ್ಲ ಗೊತ್ತು. ಆ ಅರ್ಧ ಕತೆಯನ್ನು ಹೇಳಿಸಿಕೊಂಡು, ಹೊಗಳಿಸಿಕೊಂಡು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದೇನೆ. ಇನ್ನರ್ಧವನ್ನು ಹೇಳದೆ ಉಳಿದದ್ದು — ಹೆದರಿಕೆ ಎನ್ನಲೇ, ನಾಚಿಕೆ ಎನ್ನಲೇ? ಹೊಗಳಿಕೆಯ ರುಚಿ ಎನ್ನುವುದೇ ಸರಿ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಹಿರೇಗುಂಟನೂರಿಗೆ ಬಂದೆ. ಮನೆಯಲ್ಲಿ ನಮ್ಮ ಯಜಮಾನರು ತಿಪ್ಪೇಸ್ವಾಮಿ, ನಮ್ಮತ್ತೆ, ನಾದಿನಿ ಸರೋಜ — ಮತ್ತು ಹಿತ್ತಿಲ ಬೇವಿನ ಮರದಡಿ ಒಂದು ಜೀಪು. ಜೀಪು ಇವರ ಕೈಗೆ ಬರುವಾಗಲೇ ಮುದಿಯಾಗಿತ್ತು. ದಂಡಿನಲ್ಲಿ ದುಡಿದು, ಹರಾಜಾಗಿ, ಇಬ್ಬರು ಮೂವರ ಕೈ ದಾಟಿ ಬಂದದ್ದು. ಬಾಗಿಲಿಲ್ಲ, ಮೇಲಿನ ಹೊದಿಕೆಗೆ ಗೋಣಿಯ ತೇಪೆ. ಆದರೆ ಎತ್ತಿನ ಬಂಡಿಯೂ ಹೆದರುವ ಕಲ್ಲುಹಾದಿಯಲ್ಲಿ ನಾಲ್ಕು ಗಾಲಿಯೂ ಎಳೆದು ಮೇಕೆಯ ಹಾಗೆ ಹತ್ತಿಬಿಡುತ್ತಿತ್ತು. ಅದನ್ನು ಬಾಡಿಗೆಗೆ ಓಡಿಸುವುದೇ ಇವರ ಕೆಲಸ.

ಚಿತ್ರದುರ್ಗದ ಗ್ಯಾರೇಜಿಗೆ ಒಯ್ಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ಒತ್ತಿ ತಿಕ್ಕುತ್ತಿದ್ದೆವು. ರೇಡಿಯೇಟರ್ ಸೋರಿದರೆ ಅದರ ನೀರಿಗೆ ಒಂದು ಹಿಡಿ ಅರಿಶಿನ. ಎಂಜಿನ್ನಿನ ಸಂದಿಗೆ ಕೂರಿಸುವ ಗ್ಯಾಸ್ಕೆಟ್ಟಿಗೆ ದಪ್ಪ ಕಾಗದ ಬೇಕಾದಾಗ, ನಮ್ಮ ಮದುವೆಯಲ್ಲಿ ಹಂಚಿ ಉಳಿದಿದ್ದ ಲಗ್ನಪತ್ರಿಕೆಗಳನ್ನೇ ಕತ್ತರಿಸಿ ಹಾಕಿದೆವು. ಹಾಗಾಗಿ ನಮ್ಮಿಬ್ಬರ ಹೆಸರೂ ಎಂಜಿನ್ನಿನೊಳಗೆ ಎಣ್ಣೆಯಲ್ಲಿ ನೆಂದುಕೊಂಡು ಬಹಳ ದಿನ ಒಟ್ಟಿಗೇ ಇದ್ದವು.

ನಗಬೇಡಿ — ನನ್ನ ಸಂಸಾರದ ಸುಖವೆಲ್ಲ ಆ ಬಾನೆಟ್ಟಿನ ಕೆಳಗೇ ಇತ್ತು. ಅತ್ತೆಯ ಎದುರು ಗಂಡನ ಜೊತೆ ಕೂತು ಮಾತಾಡುವ ಕಾಲ ಅದಲ್ಲ. ಆದರೆ ಜೀಪು ಕೆಟ್ಟರೆ ಮಾತ್ರ, 'ರತ್ನಾ, ಸ್ಪ್ಯಾನರ್ ಕೊಡು' ಎಂದು ಇವರು ಎಲ್ಲರೆದುರೂ ಕರೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಭುಜಕ್ಕೆ ಭುಜ ತಾಗಿಸಿ ನಿಂತರೂ ಯಾರೂ ಏನೂ ಅನ್ನುವಂತಿಲ್ಲ. ರಿಪೇರಿ ಮಾಡುತ್ತ ಇವರು ಧರ್ಮಪುರದ ಸಂತೆಯ ಸುದ್ದಿ ಹೇಳುತ್ತಿದ್ದರು, ಹಿರಿಯೂರಿನಲ್ಲಿ ನೋಡಿದ ಸಿನಿಮಾದ ಕತೆ ಹೇಳುತ್ತಿದ್ದರು. ಜೀಪು ಸರಿಹೋಯಿತೆಂದರೆ ಮುಗಿಯಿತು. ಧರ್ಮಪುರದ ಶೇಂಗಾ ವ್ಯಾಪಾರಿಯೊಬ್ಬರು ಸುಗ್ಗಿಯಲ್ಲಿ ಇವರನ್ನೂ ಜೀಪನ್ನೂ ವಾರಗಟ್ಟಲೆ ಕರೆದೊಯ್ಯುತ್ತಿದ್ದರು. ನಾನು ಬೇವಿನ ಮರದಡಿಯ ಎಣ್ಣೆ ಕಲೆ ನೋಡಿಕೊಂಡು...

ಒಮ್ಮೆ ದುರ್ಗದಿಂದ ಬಂದಿದ್ದ ಒಬ್ಬ ಮೋಟಾರು ಮೇಸ್ತ್ರಿ, ಇವರು ಒಳಗೆ ಹೋಗಿದ್ದಾಗ ನನ್ನ ಕುತೂಹಲ ಕಂಡು ಒಂದು ದಪ್ಪ ವೈರನ್ನು ತೋರಿಸಿದ. 'ನೋಡಮ್ಮ, ಕಾಯಿಲ್‌ನಿಂದ ಬರೋ ಈ ವೈರಿನಾಗೆ ಕಿಡಿ ಬರ್ಲಿಲ್ಲ ಅಂದ್ರೆ ಜೀಪು ಬರೀ ಕಬ್ಬಿಣದ ಪೆಟ್ಟಿಗೆ' ಎಂದ. ಕಲಿಸಿದವನ ತಪ್ಪಲ್ಲ; ಕಲಿತವಳ ಬುದ್ಧಿ. ಮುಂದಿನ ವಾರ ಇವರು ಧರ್ಮಪುರಕ್ಕೆ ಹೊರಡುವ ದಿನ, ಹಳೇ ಸೈಕಲ್ ಟ್ಯೂಬಿನಿಂದ ಉಗುರಿನಷ್ಟು ರಬ್ಬರು ಕತ್ತರಿಸಿ, ಆ ವೈರು ಕೂರುವ ಗೂಡಿನ ತಳಕ್ಕೆ ತುರುಕಿ, ವೈರನ್ನು ಮತ್ತೆ ಮೊದಲಿನಂತೆ ಒತ್ತಿಬಿಟ್ಟೆ. ಮೇಲೆ ನೋಡಿದರೆ ಎಲ್ಲ ಸರಿ. ಒಳಗೆ ಕಿಡಿ ದಾಟುವುದಿಲ್ಲ.

ಇವರು ಪಾಪ, ಕೈ ನೋಯುವವರೆಗೆ ಎಂಜಿನ್ ಎಬ್ಬಿಸುವ ಹ್ಯಾಂಡಲ್ ತಿರುಗಿಸಿದರು. ಆಮೇಲೆ ಗೋಣಿ ಹಾಸಿ, ಕಾರ್ಬೋರೇಟರ್ ಬಿಚ್ಚಿ, ಒಂದೊಂದು ಭಾಗವನ್ನೂ ತೊಳೆದು ಊದಿ ಜೋಡಿಸಿದರು. ನಾನು ಪಕ್ಕದಲ್ಲೇ ನಿಂತು ಸ್ಪ್ಯಾನರ್ ಕೊಟ್ಟೆ. ಸಂಜೆ ಇವರು ಸ್ನಾನಕ್ಕೆ ಹೋದಾಗ ರಬ್ಬರು ತೆಗೆದೆ. ಸ್ನಾನ ಮಾಡಿ ಬಂದು ಒಂದು ಸಲ ತಿರುಗಿಸಿದ್ದೇ ತಡ — ಜೀಪು ಎದ್ದಿತು. ಇವರ ಮುಖ ನೋಡಬೇಕಿತ್ತು! 'ಕಾರ್ಬೋರೇಟರ್ ಕಣೇ. ಎಲ್ಲಾ ಅದ್ರಾಗೇ ಐತೆ' ಎಂದರು. ಅಂದಿನಿಂದ ಊರಿನಲ್ಲಿ ಯಾರ ಗಾಡಿ ನಿಂತರೂ ಇವರ ಸಲಹೆ ಅದೊಂದೇ. ಏಳೆಂಟು ಸಲ ಹೀಗೆ ಮಾಡಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ತಮಾಷೆಯ ಕತೆ. ನಿಲ್ಲಲಿಲ್ಲ.

ಸರೋಜ ಟೀಚರ್ ತರಬೇತಿ ಮುಗಿಸಿದ್ದಳು. ದುರ್ಗದ ಒಂದು ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು — ಬೆಳಿಗ್ಗೆ ಹತ್ತು ಗಂಟೆಗೆ. ಅವಳು ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿತ್ತು. ಅದೇ ದಿನ ಇವರು ಎಂಟು ದಿನಕ್ಕೆಂದು ಧರ್ಮಪುರಕ್ಕೆ ಹೊರಡುವವರಿದ್ದರು. ನಸುಕಿನಲ್ಲಿ ಅಂಗಳಕ್ಕೆ ನೀರು ಹಾಕುವಾಗ ನಾನು ನನ್ನ ಕೆಲಸ ಮುಗಿಸಿದ್ದೆ.

ಅವತ್ತು ಬಸ್ಸು ಬರಲೇ ಇಲ್ಲ. ಇಸ್ತ್ರಿ ಮಾಡಿದ ಸೀರೆಯುಟ್ಟು, ಎದೆಗೆ ಸರ್ಟಿಫಿಕೇಟಿನ ಚೀಲ ಅವಚಿಕೊಂಡು ಸರೋಜ ಓಡಿ ಬಂದಳು. 'ಅಣ್ಣಾ, ಬಸ್ಸಿಲ್ಲ! ಜೀಪು ತೆಗಿ!'

'ಅದಕ್ಕೇನು, ಹೋಗಾಣ ಬಾ' ಎಂದು ಇವರು ಹ್ಯಾಂಡಲ್ ಹಾಕಿದರು. ಜೀಪು ಏಳಲಿಲ್ಲ.

ಆ ಕ್ಷಣದಲ್ಲಿ ನಾನು ಬಾಯಿ ಬಿಡಬಹುದಿತ್ತು. ಇವರು ಸಾಮಾನು ತರಲು ಒಳಗೆ ಹೋದಾಗ ಎರಡು ಹೆಜ್ಜೆ ಮುಂದಿಟ್ಟು ವೈರು ಕೀಳಬಹುದಿತ್ತು. ಆದರೆ ಅತ್ತೆ ನಿಂತಿದ್ದರು, ಪಕ್ಕದ ಮನೆಯವರು ಬಂದಿದ್ದರು. ರಬ್ಬರಿನ ಚೂರು ಎಲ್ಲರ ಕಣ್ಣಿಗೆ ಬಿದ್ದರೆ — ಯಾರು ಇಟ್ಟರು, ಯಾಕೆ ಇಟ್ಟರು... ಗಂಡ ಮನೆಯಲ್ಲಿರಲಿ ಎಂದು ಜೀಪು ಕೆಡಿಸಿದ ಸೊಸೆ ಎಂದು ಊರೆಲ್ಲ ನಕ್ಕರೆ... ಹೀಗೆ ನಾನು ನನ್ನ ಮಾನವನ್ನು ತೂಗುತ್ತ ನಿಂತಿದ್ದಾಗ ಇವರು ಕಾರ್ಬೋರೇಟರನ್ನು ಬಿಚ್ಚಿ ಗೋಣಿಯ ಮೇಲೆ ಹರವಿಯೇಬಿಟ್ಟರು. ಇನ್ನು ರಬ್ಬರು ತೆಗೆದರೂ ಜೀಪು ಹೊರಡುವಂತಿರಲಿಲ್ಲ. ಅರ್ಧ ಗಂಟೆ ಹೋಯಿತು. ಸರೋಜ ಅಳಲಿಲ್ಲ; ತುಳಸಿಕಟ್ಟೆಗೆ ಒರಗಿ ನಿಂತು, ಗಳಿಗೆಗೊಮ್ಮೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು — ಧೂಳು ಬಿದ್ದವಳ ಹಾಗೆ. ಅದು ನನಗೆ ಕಾಣುತ್ತಿತ್ತು.

ಇವರು ಎಲ್ಲ ಜೋಡಿಸಿ ತಿರುಗಿಸಿದರು. ಏಳಲಿಲ್ಲ. ಮತ್ತೆ ಬಿಚ್ಚಲು ಬಗ್ಗಿದರು. ಆಗ ನನಗೆ ತಡೆಯಲಾಗಲಿಲ್ಲ.

'ರೀ, ಸ್ವಲ್ಪ ಸರೀರಿ. ನಾನು ನೋಡ್ತೀನಿ.'

ಬೆನ್ನು ಅಡ್ಡ ಮಾಡಿ ನಿಂತೆ. ವೈರು ಕಿತ್ತೆ, ರಬ್ಬರನ್ನು ಪಿನ್ನಿನಿಂದ ಎತ್ತಿ ಅಂಗೈಯಲ್ಲಿ ಮುಚ್ಚಿದೆ, ವೈರು ಒತ್ತಿದೆ. 'ಈಗ ತಿರುಗಿಸ್ರಿ' ಎಂದೆ. ಜೀಪು ಗುಡುಗಿತು. ಅಂಗಳದಲ್ಲಿದ್ದವರೆಲ್ಲ ಹೋ ಎಂದರು. ಇವರಿಗೆ ಅವಮಾನವಾಗುತ್ತದೆ ಎಂದುಕೊಂಡಿದ್ದೆ; ಇವರೋ, ಎಲ್ಲರ ಕಡೆ ತಿರುಗಿ, 'ನೋಡಿದ್ರೇನ್ರಲೇ ನನ್ ಹೆಂಡ್ತಿನ!' ಎಂದು ಕೂಗಿ ತಂಗಿಯನ್ನು ಹತ್ತಿಸಿಕೊಂಡು ಹೊರಟರು.

ಹೋಗುವಷ್ಟರಲ್ಲಿ ಸಂದರ್ಶನ ಮುಗಿದಿತ್ತು. ಬಾಗಿಲಲ್ಲೇ 'ಮುಗೀತಮ್ಮ' ಎಂದರಂತೆ.

ವಾಪಸು ಬಂದ ಸರೋಜ ಅಣ್ಣನ ಮೇಲೆ ಹರಿಹಾಯ್ದಳು. 'ನಿನ್ನ ಜೀಪನ್ನ ಗುಜರಿಗೆ ಹಾಕು. ಅತ್ತಿಗೆ ಇಲ್ದಿದ್ರೆ ನಾನು ಆ ಗೇಟೂ ಕಾಣ್ತಿರ್ಲಿಲ್ಲ.' ಇವರು ತಲೆ ತಗ್ಗಿಸಿ, 'ಹಿಂದಿನ ದಿನವೇ ಕಾರ್ಬೋರೇಟರ್ ತೊಳೀಬೇಕಿತ್ತು, ನನ್ದೇ ತಪ್ಪು' ಎಂದರು. ನಾನು ಮುದ್ದೆ ಕಟ್ಟುತ್ತ ಎಲ್ಲ ಕೇಳಿಸಿಕೊಂಡೆ. ಮುಂದಿನ ಮುದ್ದೆಗೆ ಕೈ ಹಾಕಿದೆ.

ಆಮೇಲೆ ಆ ಆಟ ಆಡಲಿಲ್ಲ. ಬೇಕಾಗಿಯೂ ಇರಲಿಲ್ಲ. ಅಂದಿನಿಂದ ಜೀಪಿನ ರಿಪೇರಿಗೆ ನಾನೇ ಮುಂದೆ, ಇವರು ಸ್ಪ್ಯಾನರ್ ಕೊಡುವವರು. ಸುಳ್ಳು ಹೆಸರನ್ನು ಉಳಿಸಿಕೊಳ್ಳಲು ನಿಜವಾಗಿಯೇ ಕಲಿತೆ. ಊರಿನವರು ಪಂಪ್‌ಸೆಟ್ಟನ್ನೂ ಹೊತ್ತು ತಂದರು. 'ನಮ್ ಸೊಸೆ ಕೈಯಾಗೆ ರೊಟ್ಟಿ ಸೀದ್ರೂ ಎಂಜಿನ್ ಸೀಯಲ್ಲ' ಎಂದು ಅತ್ತೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಾನು ಸುಖವಾಗಿದ್ದೆ — ಇದನ್ನೂ ಒಪ್ಪಿಕೊಳ್ಳಬೇಕು. ಮುಂದಿನ ಎರಡು ವರ್ಷ ಸರೋಜ ಮಾತ್ರ ಟೀಚರ್ ಆಗಬೇಕಾದವಳು ಶೇಂಗಾ ಹೊಲದಲ್ಲಿ ಕಳೆ ತೆಗೆದಳು. ಆಮೇಲೆ ಹೊಸದುರ್ಗದಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮದುವೆಯಾಯಿತು, ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಎಂಬುದನ್ನು ನನ್ನ ಪರ ಸಾಕ್ಷಿಯಾಗಿ ನಾನು ಕರೆಯುವುದಿಲ್ಲ. ಆ ಎರಡು ವರ್ಷ ಅವಳವು.

ಹೋದ ತಿಂಗಳು ಅವಳ ಮೊಮ್ಮಗಳ ನಾಮಕರಣ. ಪಂಕ್ತಿಯಲ್ಲಿ ಸರೋಜ ಮತ್ತೆ ಅದೇ ಕತೆ ತೆಗೆದಳು — ಕೈಯಾಡಿಸಿ, ಜೀಪಿನ ಸದ್ದು ಮಾಡಿ. ಎಲ್ಲರೂ ನಕ್ಕರು. ಅವಳ ಸೊಸೆ ನನ್ನತ್ತ ಬಗ್ಗಿ ಕೇಳಿದಳು: 'ಅತ್ತೆ, ಜೀಪಿಗೆ ಏನಾಗಿತ್ತು?'

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. 'ಏನೋ ವೈರು ಸಡಿಲ ಆಗಿತ್ತಮ್ಮ' ಎಂದೆ. ಈ ವಯಸ್ಸಿನಲ್ಲಿ, ಹೋಳಿಗೆ ಮುಂದಿಟ್ಟುಕೊಂಡು, ಇನ್ನೊಂದು ಸುಳ್ಳು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದು ಮೊದಲು ಇವರಿಗೆ ಹೇಳಿದೆ. 'ಹಂಗಾರೆ... ಕಾರ್ಬೋರೇಟರ್?' ಎಂದರು.

'ಅದಕ್ಕೆ ಏನೂ ಆಗಿರ್ಲಿಲ್ಲ ರೀ.'

'ಒಂದ್ ಸಲಾನೂ?'

'ಆ ಏಳೆಂಟು ಸಲ ಇಲ್ಲ.'

ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಕುಡಿಯುತ್ತ ಒಬ್ಬರೇ ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಮುಖ ಗಂಭೀರ ಮಾಡಿ ಹೇಳಿದರು: 'ನನ್ನ ಕತೆ ಬಿಡು. ಸರೋಜನಿಗೆ ಹೇಳು. ಫೋನಿನಾಗೆ ಬ್ಯಾಡ, ಹೋಗಿ ಹೇಳು.'

ಹೋದೆ. ಹೊಸದುರ್ಗದ ಮನೆಯಲ್ಲಿ ಅವಳು ಒಬ್ಬಳೇ ಇದ್ದಳು, ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ರಬ್ಬರಿನ ವಿಷಯಕ್ಕೆ ಅವಳ ತುಟಿ ಬಿರಿಯಿತು, ನಗುವೇ ಬಂದಿತ್ತು. ಅರ್ಧ ಗಂಟೆಯ ವಿಷಯಕ್ಕೆ ಕೈ ನಿಂತಿತು.

'ನಾನು ಕಣ್ಣು ಒರೆಸ್ಕಂತಿದ್ದೆ. ನೀನು ನೋಡ್ತಿದ್ದೆ.'

'ಹೂಂ.'

'ನೋಡ್ತಾ ನಿಂತಿದ್ದೆ.'

'ಹೂಂ ಸರೋಜ.'

ಅವಳು ಸೆರಗು ಕೊಡವಿಕೊಂಡು ಎದ್ದಳು. 'ಬಿಸಿಲಾಗೆ ಬಂದಿದೀಯ. ಮೊದ್ಲು ಉಣ್ಣು. ಆಮೇಲೆ ಬೈತೀನಿ.'

ಉಂಡೆವು. ಎಲೆ ಅಡಿಕೆ ಹಾಕಿಕೊಂಡೆವು. ಆಮೇಲೆ ಬೈದಳು — ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಗಂಟಲು, ಒಂದೂ ಬಿಡದೆ ಬೈದಳು. ಕಳೆ ತೆಗೆದ ಒಂದೊಂದು ಸಾಲಿನ ಲೆಕ್ಕವನ್ನೂ ಒಪ್ಪಿಸಿದಳು. ಅಣ್ಣನಿಗೆ ತಾನು ಆಡಿದ ಮಾತು ನೆನೆದು ಒಮ್ಮೆ ಅತ್ತಳು. ಸಂಜೆ ಬಸ್ಸಿನವರೆಗೆ ಜೊತೆಗೇ ಬಂದು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ಕೆಳಗಿಳಿದು ಹೇಳಿದಳು:

'ಮುಂದಿನ ತಿಂಗಳು ಬಾ ಅತ್ತಿಗೆ. ಇನ್ನೂ ಬೈಯೋದು ಐತೆ.'

ಹೋಗುತ್ತೇನೆ.