ಬಲೆ ಎಂದರೆ ಬನ್ನಿ

ಕುಟುಂಬದ ವಾಟ್ಸಾಪ್ ಗ್ರೂಪಿಗೆ ಆ ವಿಡಿಯೋ ಹಾಕಿದ್ದು ಕೊಟ್ಟಾರದ ಸೋದರಮಾವ. ನಮ್ಮಲ್ಲಿ ಸೋದರಮಾವ ಹೇಳಿದರೆ ಮುಗಿಯಿತು, ಮದುವೆಯ ದಿನವಾದರೂ ಸರಿ, ಯಾರಿಗೆ ಮತ ಹಾಕುವುದೆಂದಾದರೂ ಸರಿ. ವಿಡಿಯೋದಲ್ಲಿ ಕಂಕನಾಡಿ ಮಾರ್ಕೆಟ್ ಹತ್ತಿರ ಗಾಡಿಯಲ್ಲಿ ಚಪ್ಪಲಿ ಮಾರುವ ಬ್ಯಾರಿ ಮುಸಲ್ಮಾನ ಕೈಬೀಸಿ ಕೂಗುತ್ತಿದ್ದ: "ಪೊಣ್ಣುಲೆಗ್... ಬಲೆ, ಬಲೆ." ಕೆಳಗೆ ದಪ್ಪ ಕನ್ನಡ ಅಕ್ಷರ: 'ನಮ್ಮ ಹೆಣ್ಣುಮಕ್ಕಳಿಗೆ ಬಲೆಯಂತೆ! ನಿಜವಾದ ಹಿಂದುವಾದರೆ ಹಂಚಿ. ಇವನಲ್ಲಿ ವ್ಯಾಪಾರ ಬೇಡ.'

ನನಗೆ ಮೊದಲು ನಗು ಬಂತು. ತುಳುವಿನಲ್ಲಿ ಬಲೆ ಎಂದರೆ ಬನ್ನಿ. ಹೆಣ್ಣುಮಕ್ಕಳಿಗೆ ಹೊಸ ಚಪ್ಪಲಿ ಬಂದಿದೆ, ಬನ್ನಿ ಎಂದು ಆತ ಕರೆದದ್ದು. ನಡುವಿನ ಚಪ್ಪಲಿಯ ಮಾತನ್ನು ಯಾರೋ ಕತ್ತರಿಸಿ ತೆಗೆದಿದ್ದರು. ತುಳು ಬಾರದ ಊರಿನವರು ಮೋಸಹೋದರೆ ಒಪ್ಪೋಣ. ನಮ್ಮ ಗ್ರೂಪಿನವರೆಲ್ಲ ತೊಟ್ಟಿಲಲ್ಲೇ ತುಳು ಕೇಳಿದವರು, ಅವರೂ ಸಾಲಾಗಿ ಸಿಟ್ಟಿನ ಮುಖ ಒತ್ತಿದ್ದರು. ಇದು ಹೇಗಾಯಿತು ಎಂದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ತುಳು ನಮಗೆ ಬಾಯಿಯ ಭಾಷೆ, ಕನ್ನಡ ಶಾಲೆಯ ಭಾಷೆ. ಅಕ್ಷರ ಕಂಡ ಕೂಡಲೇ ಕಿವಿ ಮುಚ್ಚಿಕೊಂಡಿತೋ ಏನೋ.

ಅಷ್ಟರಲ್ಲಿ ಕಂಕನಾಡಿಗೆ ಹೋಗಿಬಂದ ಅಮ್ಮ, ಆತನ ಗಾಡಿಯ ಮುಂದೆ ಒಂದು ನರಪಿಳ್ಳೆಯೂ ಇಲ್ಲ ಎಂದಳು. ಅಮ್ಮನಿಗೆ ಚಪ್ಪಲಿಯೆಂದರೆ ಅವನದ್ದೇ. ಕೇಳಿ ಸಂಕಟವಾಯಿತು. ಗ್ರೂಪಿನಲ್ಲಿ ವಾದಕ್ಕಿಳಿದರೆ ಮಾವ ಹಠ ಹಿಡಿಯುತ್ತಾರೆ. ಅದಕ್ಕೇ ಅಮ್ಮನನ್ನು ಕರೆದುಕೊಂಡು ಕೊಟ್ಟಾರಕ್ಕೆ ಹೊರಟೆ.

ಬಾಗಿಲು ತೆರೆದ ಮಾವ ಅಕ್ಕನನ್ನು ಕಂಡು ಅರಳಿದರು. "ಬಲೆ ಅಕ್ಕ, ಉಳಾಯಿ ಬಲೆ."

ಅಮ್ಮ ಹೊಸ್ತಿಲಲ್ಲೇ ನಿಂತಳು. "ಎಂತ ಮಾರಾಯ, ನನಗೂ ಬಲೆಯಾ?"

ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮತ್ತೆ ಮೊಬೈಲ್ ತೆಗೆದು, ಅಂಗೈಯಿಂದ ಅಕ್ಷರ ಮುಚ್ಚಿ, ಬರೀ ದನಿ ಕೇಳಿದರು. ಇನ್ನೊಮ್ಮೆ ಕೇಳಿದರು. ತಾನು ಹಾಕಿದ್ದು ಸುಳ್ಳು, ನೀವು ಅದನ್ನು ಕಳಿಸಿದವರಿಗೆಲ್ಲ ಇದನ್ನೂ ಹೇಳಿ ಎಂದು ಗ್ರೂಪಿಗೆ ಅವರೇ ಬರೆದರು. ಆ ಸಂದೇಶಕ್ಕೆ ಯಾರೂ ಯಾವ ಮುಖವನ್ನೂ ಒತ್ತಲಿಲ್ಲ.

ಮರುದಿನ ಮಾವ ಚಪ್ಪಲಿ ಕೊಳ್ಳಬೇಕೆಂದು ನಮ್ಮೊಂದಿಗೆ ಕಂಕನಾಡಿಗೆ ಬಂದರು. ಆತ ಗಾಡಿಯ ಹಿಂದೆ ಸುಮ್ಮನೆ ನಿಂತಿದ್ದ. ಇಷ್ಟು ವರ್ಷ ದೂರದಿಂದಲೇ ಅಮ್ಮನನ್ನು ತುಳುವಿನಲ್ಲಿ ಕೂಗಿ ಕರೆದವನು, ಅಂದು ಕೈ ಬೀಸಲಿಲ್ಲ. ನಾವು ಹತ್ತಿರ ಬಂದ ಮೇಲೆ ಆಚೀಚೆ ನೋಡಿ, ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಬನ್ನಿ."