ನಾದಿಯಾ ನೋಡಿದ ನನ್ನ ನಾಟಕ

ಮೊನ್ನೆ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ ಏಲಕ್ಕಿ ಹಾಕಿ ಕುದಿಸಿದ ಕಾಫಿಯ ವಾಸನೆ ಬಂತು. ಮೈಸೂರಿನವನಾದ ನನಗೆ ಏಲಕ್ಕಿ ಇರಬೇಕಾದ್ದು ಪಾಯಸದಲ್ಲಿ. ಕಾಫಿಗೆ ಚಿಕೋರಿಯೇ ಹೆಚ್ಚು. ಆದರೂ ಕಾಲು ಅಲ್ಲೇ ನಿಂತಿತು. ಏಳೆಂಟು ವರ್ಷದ ಹಿಂದೆ ನಾವು ಆಸ್ಟಿನ್‌ನಲ್ಲಿದ್ದಾಗ ಪಕ್ಕದ ಮನೆಯ ನಾದಿಯಾ ಇಂಥದೇ ಕಾಫಿ ಕೊಡುತ್ತಿದ್ದಳು.

ನಾದಿಯಾ ಜೋರ್ಡಾನ್‌ನವಳು. ಸಿನಿಮಾಗಳಲ್ಲಿ ಅರಬರನ್ನು ಹೇಗೆ ತೋರಿಸುತ್ತಾರೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಶನಿವಾರವೆಲ್ಲ ಗೋಡೆಯಾಚೆಯಿಂದ ಗುಂಡಿನ ಸದ್ದು. "ಸಿನಿಮಾ ನೋಡಿದ್ದಕ್ಕೂ ಡಾಕ್ಟರೇಟಾ?" ಎಂದು ರೇಗಿಸುತ್ತಿದ್ದೆ. "ನೋಡೋದಲ್ಲ, ಸತ್ತವರನ್ನ ಬರೆದುಕೊಳ್ಳೋದು. ನಮ್ಮವರು ಬಾಯಿ ಬಿಡೋ ಮೊದಲೇ ಸಾಯ್ತಾರೆ," ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು. ನನಗೆಲ್ಲ ಅರ್ಥವಾಗಿದೆ ಎಂದೇ ನಾನು ತಿಳಿದಿದ್ದೆ.

ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಾನೊಂದು ಹಾಸ್ಯ ನಾಟಕ ಬರೆದೆ. ವಿಮಾನ ಅಪಹರಣ, ಬೆಂಗಳೂರಿನ ಅಜ್ಜಿಯೊಬ್ಬಳು ಅಪಹರಣಕಾರನನ್ನು ಲಟ್ಟಣಿಗೆಯಲ್ಲಿ ಬಡಿದು ಕೆಡಹುತ್ತಾಳೆ. ಅಪಹರಣಕಾರ ನಾನೇ. ವೇಷಕ್ಕೆಂದು ನಾದಿಯಾಳ ಹತ್ತಿರ ತಲೆವಸ್ತ್ರ ಕೇಳಿದೆ. "ಯಾವ ಪಾತ್ರ?" ಎಂದಳು. "ಒಬ್ಬ ಶೇಖ್," ಎಂದುಬಿಟ್ಟೆ. ಅವಳು ತೀರಿಹೋದ ತನ್ನ ತಂದೆಯ ಕೆಂಪು ಚೌಕುಳಿಯ ವಸ್ತ್ರವನ್ನು ಪೆಟ್ಟಿಗೆಯಿಂದ ತೆಗೆದು, ಇಸ್ತ್ರಿ ಮಾಡಿ, ಸುತ್ತುವುದನ್ನೂ ಕಲಿಸಿಕೊಟ್ಟಳು. ಅವಳನ್ನು ಕರೆದು ಮೊದಲ ಸಾಲಿನಲ್ಲಿ ಕೂರಿಸಿದವನೂ ನಾನೇ. ನನ್ನ ಬುದ್ಧಿ ಆಗ ಎಲ್ಲಿ ಹುಲ್ಲು ಮೇಯಲು ಹೋಗಿತ್ತೋ, ನೀವೇ ಹೇಳಿ.

ನನ್ನ ಪಾತ್ರಕ್ಕೆ ಮಾತಿರಲಿಲ್ಲ, ಬರೀ ಅರಚಾಟ. ಜನ ಬಿದ್ದು ಬಿದ್ದು ನಕ್ಕರು. ಅಜ್ಜಿಯ ಏಟಿಗೆ ವಸ್ತ್ರ ಕಳಚಿ ಬಿತ್ತು. ಯಾರೋ ಅದನ್ನು ತುಳಿದುಕೊಂಡು ಹೋದರು. ನಾದಿಯಾ ನಗುತ್ತಿರಲಿಲ್ಲ.

ಆಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ, "ಸಾರಿ, ಬರೀ ತಮಾಷೆಗೆ," ಎಂದೆ. "ನಮ್ಮಪ್ಪ ಗಣಿತದ ಮೇಷ್ಟ್ರು. ಸ್ಕೂಲಲ್ಲಿ ಬಹುಮಾನ ಕೊಡೋ ದಿನ ಮಾತ್ರ ಇದನ್ನ ಹಾಕ್ಕೋತಿದ್ರು," ಎಂದಷ್ಟೇ ಹೇಳಿ ವಸ್ತ್ರ ತೆಗೆದುಕೊಂಡಳು. ಮತ್ತೆ ಕಾಫಿಗೆ ಕರೆಯಲಿಲ್ಲ. ಬೇಸಿಗೆಯಲ್ಲಿ ಡಾಲಸ್‌ಗೆ ಶಿಫ್ಟ್ ಆದಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂಗಡಿಯಿಂದ ಮನೆಗೆ ಬಂದರೆ, ಒಂಬತ್ತು ವರ್ಷದ ಮಗಳು ಸಂಘದವರ ಹಳೆಯ ವಿಡಿಯೋ ಹಾಕಿಕೊಂಡು ಕೂತಿದ್ದಳು. ಕೂಸಾಗಿದ್ದಾಗ ಇವಳನ್ನು ಎಷ್ಟೋ ಮಧ್ಯಾಹ್ನ ಹೆಗಲ ಮೇಲೆ ಮಲಗಿಸಿಕೊಂಡವಳು ನಾದಿಯಾ. ಅದು ಇವಳಿಗೆ ನೆನಪಿರುವುದು ಹೇಗೆ? ಪರದೆಯ ಮೇಲೆ ನಾನು ಅರಚುತ್ತಿದ್ದೆ.

"ಅಪ್ಪಾ, ಯು ಲುಕ್ ಸೋ ರಿಯಲ್!" ಎಂದಳು.

"ಅಂಥವರನ್ನ ನೀನೆಲ್ಲಿ ನೋಡಿದೀಯ?"

"ಇನ್ ಮೂವೀಸ್."

ಪಕ್ಕದಲ್ಲಿ ಕೂತು ನಾದಿಯಾಳ ವಿಷಯ ಹೇಳತೊಡಗಿದೆ. ಮಗಳು ಹೂಂಗುಟ್ಟುತ್ತಿದ್ದಳು, ಕಣ್ಣು ಮಾತ್ರ ಪರದೆಯನ್ನು ಬಿಡಲಿಲ್ಲ.