ಅವ್ವನ ಹೆಬ್ಬೆರಳು

ಹರಿಹರದ ಸೇತುವೆ ರಸ್ತೆಯಲ್ಲಿ ಹೊಳೆ ಮೀನು ಮಾರುವ ನಮ್ಮವ್ವನಿಗೆ ಜಂಬ ಜಾಸ್ತಿ. ಮಳೆಗಾಲದ ಹೊತ್ತಿಗೆ ಗಂಡು ಕಾಟ್ಲಾ ಮೀನಿನ ರೆಕ್ಕೆ ಒರಟಾಗುತ್ತದೆ, ಹೆಣ್ಣಿನದು ನುಣುಪಾಗಿಯೇ ಇರುತ್ತದೆ. ಅವ್ವ ರೆಕ್ಕೆಯ ಮೇಲೆ ಹೆಬ್ಬೆರಳು ಎಳೆದು ಗಂಡೋ ಹೆಣ್ಣೋ ಹೇಳಿಬಿಡುತ್ತಿದ್ದಳು. ಬಸುರಿಗೆ ತತ್ತಿಮೀನು, ಅಂದರೆ ಮೊಟ್ಟೆ ತುಂಬಿದ ಹೆಣ್ಣು ಮೀನು, ಒಳ್ಳೆಯದೆಂದು ನಮ್ಮವರ ನಂಬಿಕೆ. ಹಾಗಾಗಿ ಬಸುರಿ ಇದ್ದ ಮನೆಯವರು ಅವ್ವನ ಬುಟ್ಟಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. "ತತ್ತಿ ಇಲ್ಲಾಂದ್ರ ತಂದು ನನ್ನ ಮಕಕ್ಕೇ ಹೊಡೀರಿ" ಎನ್ನುತ್ತಿದ್ದಳು. ಬಸುರಿಯರ ಹೊಟ್ಟೆ ನೋಡಿಯೂ ಗಂಡು, ಹೆಣ್ಣು ಎಂದು ಸಾರುತ್ತಿದ್ದಳು. ಅದು ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು, ಆ ಮಾತು ಬೇರೆ.

ನಾನು ಬಸುರಿಯಾಗಿದ್ದ ವರ್ಷ ಮೊದಲ ಮೀನು ವಾಪಸ್ ಬಂತು. ಆಮೇಲೆ ಇನ್ನೆರಡು. "ಹೆಣ್ಣು ಅಂದಿದ್ರಲ್ಲ ಯಕ್ಕಾ, ಒಳಗ ನೋಡ್ರಿ" ಎಂದು ಗಿರಾಕಿಗಳು ಕೊಯ್ದ ಮೀನು ಮುಂದಿಟ್ಟರು. ರೆಕ್ಕೆ ನುಣುಪಾಗಿತ್ತು, ಹೊಟ್ಟೆಯಲ್ಲಿ ಮಾತ್ರ ಗಂಡಿನ ಬಿಳಿ ಚೀಲ. ಅವ್ವ ತನ್ನನ್ನೇ ಬೈದುಕೊಂಡಳು. "ವಯಸ್ಸಾತು, ಬೆರಳು ಸತ್ತೈತೆ."

ನಾನು ದಾವಣಗೆರೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್. ಆ ಮೀನುಗಳಲ್ಲಿ ಒಂದನ್ನು ಅಲ್ಲಿನ ಮೇಡಂಗೆ ಕೊಟ್ಟೆ. ವಾರ ಕಳೆದು ಮೈಕ್ರೋಸ್ಕೋಪಿನಲ್ಲಿ ನೋಡಲು ಕರೆದರು. ಗಂಡಿನ ಅಂಗದೊಳಗೆ ಅಲ್ಲಲ್ಲಿ ದುಂಡನೆಯ ತತ್ತಿಗಳು.

"ನಿಮ್ಮ ತಾಯೀದು ತಪ್ಪಿಲ್ಲ. ನೀರಿಗೆ ಸೇರೋ ಕೆಲವು ರಾಸಾಯನಿಕ ಹೆಣ್ಣು ಹಾರ್ಮೋನಿನ ವೇಷ ಹಾಕ್ತಾವೆ, ಗಂಡು ಮೀನಿನ ಮೈ ಮೋಸಹೋಗಿ ರೆಕ್ಕೆ ನುಣುಪಾಗೇ ಉಳೀತತೆ. ಹಿಂಗೇ ಆದ್ರೆ ಮರಿ ಕಡಿಮೆಯಾಗಿ ಮೀನಿನ ಸಂತಾನವೇ ಕರಗಬಹುದು" ಎಂದರು.

ಯಾರು ಸುರಿಯುತ್ತಾರೆ ಎಂದು ಕೇಳಿದೆ. ಹೊಲದ ಔಷಧಿ ಇರಬಹುದು, ಕಾರ್ಖಾನೆ ಇರಬಹುದು, ನಮ್ಮ ಸೋಪು, ನಾವು ನುಂಗಿದ ಮಾತ್ರೆ, ಚರಂಡಿ. ಪರೀಕ್ಷೆ ಮಾಡದೆ ಹೇಳಲಾಗದು ಎಂದರು. ಒಬ್ಬರ ಹೆಸರು ಹೇಳಿದ್ದರೆ ಅವರ ಬಾಗಿಲಿಗೆ ಹೋಗಿ ಬೈದಾದರೂ ಬರುತ್ತಿದ್ದೆ. ಸಿಟ್ಟು ಬಂದಿತ್ತು, ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

"ಕುಡಿಯೋ ನೀರು, ಮೇಡಂ?"

"ಶುದ್ಧ ಮಾಡಿ ಬಿಡ್ತಾರೆ. ಇಂಥವು ಪೂರ್ತಿ ಹೋಗ್ತಾವೋ ಇಲ್ಲೋ, ನಂಗೂ ಗೊತ್ತಿಲ್ಲ."

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯ ನಲ್ಲಿಗೆ ಬರುವುದೂ ಅದೇ ಹೊಳೆಯ ನೀರು. ಹೆದರಿ ಕ್ಯಾನ್ ನೀರು ತರಿಸಿದೆ. ಆಮೇಲೆ ಇದರಿಂದಲೂ ಅಂಥದ್ದೇ ನೀರಿಗಿಳಿದರೆ ಎಂದು ಆ ಕ್ಯಾನಿನ ಪ್ಲಾಸ್ಟಿಕ್ಕನ್ನೇ ನೋಡುತ್ತ ಕೂತೆ. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು.

ಅವ್ವನಿಗೆ ಎಲ್ಲ ಹೇಳಿದೆ. ಬೆರಳು ಸತ್ತಿಲ್ಲವೆಂದು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ರೇಗಿದಳು. "ಹೊಳೆ ಅಂದ್ರ ಗಂಗವ್ವ, ಆಕಿಗ ಹೊಲಸು ಅನಬ್ಯಾಡ, ನಾಲಿಗಿ ಬಿದ್ದೀತು! ಹೊಳೆ ಮೀನು ಬಿಟ್ಟು ನಾನೇನು ಮಾರ್ಲಿ?" ಅವಳಿಗೆ ಬೇರೆ ಕಸುಬಿಲ್ಲ, ನನಗೆ ಬೇರೆ ನೀರಿಲ್ಲ.

ಏಳನೇ ತಿಂಗಳಲ್ಲಿ ನನಗೆ ಕುಬುಸ, ಅಂದರೆ ಸೀಮಂತ, ಮಾಡಿದರು. ಅವ್ವ ಸೀರೆ, ಹಸಿರು ಬಳೆ, ಹೂವು ಎಲ್ಲ ತಂದಿದ್ದಳು, ತತ್ತಿಮೀನು ತಂದಿರಲಿಲ್ಲ. ಆರತಿಯಾದ ಮೇಲೆ ಪಕ್ಕದ ಮನೆಯಾಕೆ ನಗುತ್ತ, "ಹೇಳ್ರಿ ಯಕ್ಕಾ, ಮಗಳ ಹೊಟ್ಟ್ಯಾಗ ಗಂಡೋ ಹೆಣ್ಣೋ?" ಎಂದಳು.

ಅವ್ವ ಕೈ ಚಾಚಿದಳು. ಹೆಬ್ಬೆರಳು ನನ್ನ ಹೊಟ್ಟೆ ಮುಟ್ಟುವ ಮೊದಲೇ ನಿಂತಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಂಗೇನೂ ತಿಳಿಯಲ್ಲವ್ವ" ಎಂದಳು.

ನಾನು ನೀರು ಕೇಳಿದೆ. ಕ್ಯಾನ್ ಖಾಲಿಯಾಗಿತ್ತು. ಅವ್ವ ನಲ್ಲಿಯಲ್ಲಿ ಲೋಟ ತುಂಬಿ ತಂದಳು, ನಾನು ಹಿಡಿದ ಮೇಲೂ ಲೋಟ ಬಿಡಲಿಲ್ಲ. "ಬ್ಯಾರೆ ಎಲ್ಲಿಂದ ತರ್ಲಿ ಮಗಳೇ?" ಎಂದಳು. ಬಾಯಾರಿತ್ತು, ಕುಡಿದೆ.